ಅಪ್ಪನ ಪೈಪ್ ತೆಗೆಸಿದರೆ ಕೊಂದ ಹಾಗೆ ಆಗುತ್ತದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ಅಪ್ಪನಿಗೆ 72 ವರ್ಷ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ದಾದರ್‌ನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದವರು. ನಾಲ್ಕೂವರೆ ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದರು. ಹೃದಯ ನಿಂತುಹೋಗಿತ್ತು. ಆಸ್ಪತ್ರೆಯವರು ಮತ್ತೆ ಚಾಲೂ ಮಾಡಿದರು, ಆದರೆ ಅಷ್ಟು ಹೊತ್ತು ಮಿದುಳಿಗೆ ಆಮ್ಲಜನಕ ಇರಲಿಲ್ಲವಂತೆ. ಈಗ ಕಣ್ಣು ತೆರೆಯುತ್ತಾರೆ, ಆಕಳಿಸುತ್ತಾರೆ, ಯಾರನ್ನೂ ಗುರುತಿಸುವುದಿಲ್ಲ. ಕುತ್ತಿಗೆಗೆ ತೂತು ಮಾಡಿ ಪೈಪ್ ಹಾಕಿದ್ದಾರೆ, ರಾತ್ರಿ ಹೊತ್ತು ವೆಂಟಿಲೇಟರ್ ಬೇಕು, ಮೂಗಿನ ಟ್ಯೂಬಿನಿಂದ ಊಟ. ಡಾಕ್ಟರರು "ಮುಂದೇನು ಅಂತ ನೀವೇ ಹೇಳಿ" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ "ಪೈಪ್ ತೆಗೆಸಿದರೆ ನಾವೇ ಕೊಂದ ಹಾಗೆ" ಅನ್ನುತ್ತಾನೆ. ಪಕ್ಕದ ಮನೆಯವರು "ಅರುಣಾ ಶಾನಭಾಗ್ ಕೇಸಲ್ಲಿ ಸುಪ್ರೀಂ ಕೋರ್ಟೇ ಬೇಡ ಅಂದಿತ್ತಲ್ಲ" ಅಂದರು. ಇದು ಕೊಲೆಯಾ? ಕಾನೂನು ಏನು? ಅಪ್ಪನಿಗೆ ನೋವಾಗುತ್ತದಾ? ಇನ್ನೊಂದು ವಿಷಯ, ಮೂರು ವರ್ಷದ ಹಿಂದೆ ಅಪ್ಪನ ಸ್ನೇಹಿತರೊಬ್ಬರು ಹೀಗೇ ಮಲಗಿದ್ದಾಗ ನೋಡಿ ಬಂದು, "ನನ್ನನ್ನು ಮಾತ್ರ ಹೀಗೆ ಇಟ್ಟುಕೊಳ್ಳಬೇಡಿ ಮಾರಾಯ್ರೆ" ಅಂದಿದ್ದರು.

ಉತ್ತರ:

ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದನ್ನು ನೀವು ಸುಮ್ನೆ ನೆನಪಾಗಿ ಸೇರಿಸಿದ ಹಾಗಿದೆ. ನನಗೆ ಮಾತ್ರ ಇಡೀ ಪತ್ರದಲ್ಲಿ ಅದಕ್ಕಿಂತ ದೊಡ್ಡ ಮಾತು ಕಾಣಲಿಲ್ಲ.

ಐಸಿಯು ಹೊರಗೆ ಬೆಂಚಿನ ಮೇಲೆ ಕೂತ ಮನೆಯವರನ್ನು ನಾವು ಡಾಕ್ಟರರು ಕೇಳುವುದು ಹೀಗೆ: "ಏನು ಮಾಡೋಣ, ನೀವು ಹೇಳಿ." ನಾನೂ ಮುಂಬೈಯಲ್ಲಿ ಎಷ್ಟೋ ವರ್ಷ ಹಾಗೇ ಕೇಳಿದ್ದೇನೆ. ಕೇಳಿದ ಕೂಡಲೇ ಅಪ್ಪನ ಸಾವಿನ ಭಾರ ಪೂರ್ತಿ ಮಗಳ ತಲೆ ಮೇಲೆ ಬೀಳುತ್ತದೆ. ಯಾವ ಮಗಳು ತಾನೇ "ನಿಲ್ಲಿಸಿ" ಅಂದಾಳು? ಈಗ ನಾನು ಬೇರೆ ಥರ ಕೇಳುತ್ತೇನೆ. ನಿಮ್ಮ ಅಪ್ಪ ಐದು ನಿಮಿಷ ಎದ್ದು ಕೂತರು ಅಂದುಕೊಳ್ಳಿ. ತನ್ನ ಕುತ್ತಿಗೆಯ ತೂತು, ಮೂಗಿನ ಟ್ಯೂಬು, ಮೂತ್ರದ ಚೀಲ ಎಲ್ಲ ನೋಡಿದರು. ಇನ್ನು ಮುಂದೆ ಹೀಗೇ ಅಂತ ಡಾಕ್ಟರರು ಹೇಳಿದ್ದನ್ನೂ ಕೇಳಿಸಿಕೊಂಡರು. ಮತ್ತೆ ಮಲಗುವ ಮುಂಚೆ ನಿಮಗೆ ಏನು ಹೇಳುತ್ತಿದ್ದರು?

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆ. ಅಪ್ಪನೇ ಕೊಟ್ಟು ಹೋಗಿದ್ದಾರೆ. ಹಾಗಾಗಿ ನೀವು ಈಗ ಯೋಚಿಸುತ್ತಿರುವುದು ಅಪ್ಪನನ್ನು ಏನು ಮಾಡೋಣ ಅಂತ ಅಲ್ಲವೇ ಅಲ್ಲ. ಅವರ ಮಾತನ್ನು ನಡೆಸಿಕೊಡಲು ಆಗುತ್ತದಾ, ಹೇಗೆ ಅಂತ. ನಾನು ಮುಂದೆ ಬರೆಯುವುದೆಲ್ಲ ಇದರ ಮೇಲೇ ನಿಂತಿದೆ.

ಆದರೆ ಮೊದಲು ಅಪ್ಪನ ಸ್ಥಿತಿ ಏನು ಅಂತ ಗಟ್ಟಿ ಮಾಡಿಕೊಳ್ಳಬೇಕು. ಇಲ್ಲಿ ಅವಸರ ಮಾಡಬಾರದು.

ಪ್ರಜ್ಞೆ ತಪ್ಪಿದೆ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ನಾಲ್ಕೈದು ಬೇರೆ ಬೇರೆ ಸ್ಥಿತಿಗಳಿವೆ. ಬ್ರೈನ್ ಡೆತ್ ಅಂದರೆ ಮಿದುಳು ಪೂರ್ತಿ ನಿಂತುಹೋದದ್ದು, ಉಸಿರಾಡಬೇಕು ಅನ್ನುವ ಸೂಚನೆ ಕೂಡ ಒಳಗಿಂದ ಬರುವುದಿಲ್ಲ. ನಿಮ್ಮ ಅಪ್ಪನದು ಅದಲ್ಲ, ಹಗಲು ಅವರೇ ಉಸಿರಾಡುತ್ತಾರೆ. ಕೋಮಾ ಅಂದರೆ ಕಣ್ಣೇ ತೆರೆಯುವುದಿಲ್ಲ. ಅದೂ ಅಲ್ಲ. ನೀವು ಬರೆದದ್ದು ನೋಡಿದರೆ ಡಾಕ್ಟರರು ವೆಜಿಟೇಟಿವ್ ಸ್ಟೇಟ್ ಅಂತ ಕರೆಯುವ ಸ್ಥಿತಿ. ಎಚ್ಚರ ಇದೆ, ಅರಿವು ಇಲ್ಲ. ನಿದ್ದೆ ಬರುತ್ತದೆ, ಎಚ್ಚರ ಆಗುತ್ತದೆ, ಆಕಳಿಕೆ ಬರುತ್ತದೆ, ಕೆಲವು ಸಲ ಕಣ್ಣೀರು ಕೂಡ ಇಳಿಯುತ್ತದೆ. ಇದೆಲ್ಲ ಮಿದುಳಿನ ಬುಡದ ಭಾಗದ ಕೆಲಸ. ಆ ಭಾಗ ಆಮ್ಲಜನಕ ಇಲ್ಲದೆಯೂ ಸ್ವಲ್ಪ ಜಾಸ್ತಿ ಹೊತ್ತು ತಾಳಿಕೊಳ್ಳುತ್ತದೆ. ಯೋಚಿಸುವ, ಗುರುತಿಸುವ, ನೋವು ಅಂತ ತಿಳಿಯುವ ಮೇಲಿನ ಪದರ ತಾಳುವುದಿಲ್ಲ. ಮನೆಯವರಿಗೆ ಇದರಷ್ಟು ಕಷ್ಟದ ಸ್ಥಿತಿ ಇನ್ನೊಂದಿಲ್ಲ. ಕಣ್ಣು ತೆರೆದಿರುತ್ತದಲ್ಲ, ಅಪ್ಪ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿಬಿಡುತ್ತದೆ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಇನ್ನೊಂದು ಸ್ಥಿತಿ ಇದೆ. ಅರಿವು ಮಿಣುಕು ಮಿಣುಕಾಗಿ ಬಂದು ಹೋಗುತ್ತಿರುತ್ತದೆ. ಬೆಳಿಗ್ಗೆ ಮಗಳ ದನಿಗೆ ತಲೆ ತಿರುಗಿಸುತ್ತಾರೆ, ಮಧ್ಯಾಹ್ನ ಏನೂ ಇಲ್ಲ. ಇವೆರಡನ್ನೂ ಹಾಸಿಗೆ ಪಕ್ಕ ಎರಡು ನಿಮಿಷ ನಿಂತು ನೋಡಿ ಬೇರೆ ಮಾಡಲು ಆಗುವುದಿಲ್ಲ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ವೆಜಿಟೇಟಿವ್ ಅಂತ ಡಾಕ್ಟರರು ಒಮ್ಮತದಿಂದ ಹೇಳಿದ್ದ ರೋಗಿಗಳನ್ನು ಸರಿಯಾದ ಅಳತೆಗೋಲು ಹಿಡಿದು ಮತ್ತೆ ಪರೀಕ್ಷಿಸಿದರೆ, ನೂರಕ್ಕೆ ಸುಮಾರು 40 ಜನರಲ್ಲಿ ಸ್ವಲ್ಪ ಅರಿವು ಕಂಡುಬಂತು. 2024ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಕೈಕಾಲು ಅಲ್ಲಾಡಿಸದ 241 ಜನರಿಗೆ ಸ್ಕ್ಯಾನ್ ಮತ್ತು ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡುವಾಗ "ಹೀಗೆ ಮಾಡುತ್ತಿದ್ದೇನೆ ಅಂತ ಮನಸ್ಸಲ್ಲೇ ಊಹಿಸಿ" ಅಂದಾಗ 60 ಜನರ ಮಿದುಳು ಮಾತು ಕೇಳಿತು. ದೇಹ ಅಲ್ಲಾಡಲಿಲ್ಲ, ಒಳಗೆ ಯಾರೋ ಇದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೆಯ ರೋಗಿಗಳ ಮುಖ ಒಂದೊಂದೇ ಕಣ್ಣ ಮುಂದೆ ಬಂತು.

ನಿಮ್ಮ ಅಪ್ಪನ ವಿಷಯಕ್ಕೆ ಬಂದರೆ, ಆ 60 ಜನರಲ್ಲಿ ತಲೆಗೆ ಪೆಟ್ಟು ಬಿದ್ದವರು, ವಯಸ್ಸು ಕಮ್ಮಿ ಇದ್ದವರ ಪಾಲು ಜಾಸ್ತಿ. ಹೃದಯ ನಿಂತು ಆಮ್ಲಜನಕ ಸಿಗದೆ ಹಾಳಾದ ಮಿದುಳಿನ ಕತೆ ಬೇರೆ. ತಲೆಗೆ ಪೆಟ್ಟು ಬಿದ್ದವರಿಗೆ ಒಂದು ವರ್ಷ ಕಾಯುವ ವಾಡಿಕೆ ಇದೆ, ಇಂಥವರಿಗೆ ಮೂರು ತಿಂಗಳು. ಮೂರು ತಿಂಗಳಾದ ಮೇಲೂ ಅರಿವಿನ ಸುಳಿವೇ ಇಲ್ಲದಿದ್ದರೆ ತಿರುಗಿ ಬರುವುದು ಬಹಳ ಅಪರೂಪ. ಬಂದರೂ ಬೇರೆಯವರ ಕೈಯಲ್ಲೇ ಎಲ್ಲ ಮಾಡಿಸಿಕೊಳ್ಳುವ ಸ್ಥಿತಿ. ನಾಲ್ಕೂವರೆ ತಿಂಗಳು, 72 ವರ್ಷ. ನಾನು ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ.

ಆದರೂ ಪರೀಕ್ಷೆ ಮಾಡಿಸಿ. ನರರೋಗ ತಜ್ಞರ ಹತ್ತಿರ ಸಿಆರ್‌ಎಸ್-ಆರ್ ಅನ್ನುವ, ಅರಿವು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ ಕೇಳಿ. ಒಂದೇ ಸಲ ಸಾಲದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಸಲ ಆಗಬೇಕು. ನಿದ್ದೆ ಬರಿಸುವ ಔಷಧ, ಫಿಟ್ಸ್ ಔಷಧ ಏನೇನು ನಡೀತಿದೆ ಅಂತ ವಿಚಾರಿಸಿ, ಅವೂ ಅರಿವನ್ನು ಮಂಕು ಮಾಡುತ್ತವೆ. ಎಸ್‌ಎಸ್‌ಇಪಿ ಅಂತ ಇನ್ನೊಂದು ಪರೀಕ್ಷೆ ಇದೆ. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಅದು ಮಿದುಳಿನ ಮೇಲ್ಪದರ ಮುಟ್ಟುತ್ತದಾ ನೋಡುತ್ತಾರೆ. ಎರಡೂ ಕಡೆ ಮುಟ್ಟದಿದ್ದರೆ ಅದು ಕೆಟ್ಟ ಸೂಚನೆ.

ನಿಮ್ಮ ಅಮ್ಮನಿಗೂ ಒಂದು ಕೆಲಸ ಕೊಡಿ. ಒಂದು ಸಾಧಾರಣ ಕೈಗನ್ನಡಿ ತೆಗೆದುಕೊಂಡು, ಅಪ್ಪ ಕಣ್ಣು ತೆರೆದಿರುವಾಗ ಮುಖದ ಎದುರು ಹಿಡಿದು, ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಲಿ. ಮನುಷ್ಯ ಬೇರೆ ಏನನ್ನೂ ನೋಡದಿದ್ದರೂ ತನ್ನ ಮುಖವನ್ನು ಕಣ್ಣಲ್ಲಿ ಹಿಂಬಾಲಿಸುತ್ತಾನೆ. ದಿನಕ್ಕೆ ಎರಡು ಸಲ, ಎರಡು ವಾರ ಮಾಡಿ ಬರೆದಿಡಿ. ಒಂದು ಸಲವೂ ಕಣ್ಣು ಹಿಂದೆ ಬರದಿದ್ದರೆ ಅದನ್ನು ಅಮ್ಮ ತಾನೇ ಕಣ್ಣಾರೆ ನೋಡಿರುತ್ತಾರೆ. ಬಂದರೆ, ಈ ಪತ್ರವನ್ನು ಪಕ್ಕಕ್ಕಿಟ್ಟು ಅದೇ ದಿನ ಡಾಕ್ಟರರಿಗೆ ಹೇಳಿ. ಆಗ ಮಾತೇ ಬೇರೆ.

ಈಗ ಅಣ್ಣನ ಪ್ರಶ್ನೆ. ಕೊಲೆಯಾ?

ಅಲ್ಲ. ಕಾನೂನಿನ ಪ್ರಕಾರವೂ ಅಲ್ಲ, ನನ್ನ ಮನಸ್ಸಿನ ಪ್ರಕಾರವೂ ಅಲ್ಲ. ಸಾಯಲಿ ಅಂತ ಸೂಜಿ ಚುಚ್ಚಿ ಔಷಧ ಕೊಟ್ಟರೆ ಅದು ನಮ್ಮ ದೇಶದಲ್ಲಿ ಅಪರಾಧ, ಇವತ್ತಿಗೂ. ಯಾವ ಡಾಕ್ಟರರೂ ಅದನ್ನು ಮಾಡುವಂತಿಲ್ಲ. ಫಲ ಕೊಡದ ಚಿಕಿತ್ಸೆಯನ್ನು ನಿಲ್ಲಿಸಿ, ಕಾಯಿಲೆ ತನ್ನ ದಾರಿ ಹಿಡಿಯಲು ಬಿಡುವುದು ಬೇರೆ. ನಿಮ್ಮ ಅಪ್ಪನನ್ನು ಕೆಡವಿದ್ದು ಆವತ್ತು ಬಚ್ಚಲಲ್ಲಿ ನಿಂತ ಹೃದಯ. ಯಂತ್ರ ಆ ಸಾವನ್ನು ಅರ್ಧ ದಾರಿಯಲ್ಲಿ ತಡೆದು ನಿಲ್ಲಿಸಿದೆ ಅಷ್ಟೆ.

ಅಣ್ಣನಿಗೆ ಪಾಪದ ಭಯ ಇದ್ದರೆ ಅದನ್ನು ಹಗುರ ಮಾಡಬೇಡಿ. ಆದರೆ ನಮ್ಮ ಹಿರಿಯರು ಸಾವಿಗೆ ಇಷ್ಟು ಹೆದರುತ್ತಿರಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಬಂಡೆ ಬಂಡೆಯ ಮೇಲೂ ಸಲ್ಲೇಖನದಿಂದ, ಅಂದರೆ ಉಪವಾಸ ವ್ರತ ಹಿಡಿದು, ದೇಹ ಬಿಟ್ಟವರ ಹೆಸರು ಹಳಗನ್ನಡದಲ್ಲಿ ಕೆತ್ತಿದೆ. ಅವರದು ಸ್ವಂತ ನಿರ್ಧಾರ, ನಿಮ್ಮ ಅಪ್ಪನ ಸ್ಥಿತಿಗೆ ಅದನ್ನು ಸಮ ಅನ್ನುತ್ತಿಲ್ಲ. ಹೋಗುವ ಹೊತ್ತಿಗೆ ಹೋಗಲು ಬಿಡುವುದು ಈ ನೆಲಕ್ಕೆ ಹೊಸದಲ್ಲ ಅನ್ನಲು ಹೇಳಿದೆ. "ಅನಾಯಾಸೇನ ಮರಣಂ" ಅಂತ ನಮ್ಮ ಅಜ್ಜಂದಿರು ದೇವರ ಮುಂದೆ ಬೇಡಿದ್ದೂ ಅದನ್ನೇ ಅಲ್ವಾ? ಮಂಗಳೂರು, ಗೋವಾ ಕಡೆಯ ಕ್ರಿಶ್ಚಿಯನ್ ಮನೆಯವರೂ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. 1957ರಲ್ಲೇ ಪೋಪ್ ಹನ್ನೆರಡನೇ ಪಯಸ್, ಅಸಾಧಾರಣ ಉಪಾಯಗಳಿಂದ ಜೀವ ಹಿಡಿದಿಡುವುದು ಕಡ್ಡಾಯವಲ್ಲ ಅಂತ ಅರಿವಳಿಕೆ ತಜ್ಞರಿಗೆ ಹೇಳಿದ್ದರು.

ನನ್ನ ಅಮ್ಮನ ವಿಷಯ ಹೇಳಬೇಕು. ಹನ್ನೊಂದು ವರ್ಷದ ಹಿಂದೆ, ಪಶ್ಚಿಮ ಉಪನಗರದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. 84 ವರ್ಷ. ಕಿಡ್ನಿ ಎರಡೂ ಹೋಗಿದ್ದವು, ಮೇಲಿಂದ ನ್ಯುಮೋನಿಯಾ. "ಆಸ್ಪತ್ರೆಗೆ ಹಾಕಬೇಡ, ಮನೇಲೇ ಇರ್ತೇನೆ" ಅಂದಿದ್ದರು. ನಾನು ಹಾಕಿದೆ. ಒಳಗೆ ಹೋಗಿ ನೋಡಿದರೆ ಎರಡೂ ಕೈಗಳನ್ನು ಗಾಜ್ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು, ಬಾಯಿಯ ಪೈಪ್ ಕಿತ್ತುಕೊಳ್ಳಬಾರದು ಅಂತ. ಮಣಿಕಟ್ಟಿನಲ್ಲಿ ಬಳೆಯ ಜಾಗ ಬೆಳ್ಳಗೆ ಕಾಣುತ್ತಿತ್ತು. ಬಳೆಗಳನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟು ಸಹಿ ತೆಗೆದುಕೊಂಡರು. ನಾನು ಡಾಕ್ಟರ್. ಏನಾಗುತ್ತಿದೆ ಅಂತ ನನಗೆ ಪೂರ್ತಿ ಗೊತ್ತಿತ್ತು. ಆದರೂ ಒಂಬತ್ತು ದಿನ "ಸಾಕು" ಅನ್ನಲಿಲ್ಲ. ಒಡಹುಟ್ಟಿದವರು ಏನಂದುಕೊಳ್ಳುತ್ತಾರೋ ಅಂತ ಹೆದರಿದ್ದೆ. ಆ ಒಂಬತ್ತು ದಿನ ಅಮ್ಮನಿಗಾಗಿ ನಡೆದದ್ದಲ್ಲ, ನನಗಾಗಿ ನಡೆದದ್ದು. ನಿಮ್ಮ ಅಣ್ಣನ ಮೇಲೆ ನನಗೆ ಕೋಪ ಬರುವುದಿಲ್ಲ, ನಾನೂ ಆ ಜಾಗದಲ್ಲೇ ನಿಂತಿದ್ದೆ.

ಪಕ್ಕದ ಮನೆಯವರು ಹೇಳಿದ ಅರುಣಾ ಶಾನಭಾಗ್ ವಿಷಯ. ನನ್ನ ಊರು ಹೊನ್ನಾವರದ ಹತ್ತಿರ. ಅರುಣಾ ಅದೇ ತಾಲೂಕಿನ ಹಳದೀಪುರದವರು. ನರ್ಸ್ ಆಗಲು ಮುಂಬೈಗೆ ಬಂದು ಪರೇಲ್‌ನ ಕೆಇಎಂ ಆಸ್ಪತ್ರೆ ಸೇರಿದರು. 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿ ಚೈನಿನಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ಹೋಗಲಿಲ್ಲ. ಆಗ ಅರುಣಾಗೆ 25 ವರ್ಷ, ಮದುವೆ ಗೊತ್ತಾಗಿತ್ತು. ಅವನಿಗೆ ಕೊಲೆ ಯತ್ನ ಮತ್ತು ದರೋಡೆಗೆ ಏಳು ವರ್ಷದ ಶಿಕ್ಷೆ ಆಯಿತು. ಅತ್ಯಾಚಾರದ ಆರೋಪವೇ ಇರಲಿಲ್ಲ. ಅರುಣಾ ಮಾತ್ರ 42 ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ.

2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ್ದ ಅರ್ಜಿಯನ್ನು ತಳ್ಳಿಹಾಕಿದ್ದು ನಿಜ. ಯಾಕೆ ಅನ್ನುವುದನ್ನು ಜನ ಮರೆತಿದ್ದಾರೆ. ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದೇ ತಪ್ಪು ಅಂತ ಕೋರ್ಟ್ ಹೇಳಲಿಲ್ಲ. ಹೈಕೋರ್ಟಿನ ಒಪ್ಪಿಗೆ ಇದ್ದರೆ ನಿಲ್ಲಿಸಬಹುದು ಅಂತ ಮೊದಲ ಸಲ ಹೇಳಿದ್ದೇ ಆ ತೀರ್ಪು. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರದು ಅನ್ನುವುದು ಕೋರ್ಟಿನ ಪ್ರಶ್ನೆ. ದಶಕಗಟ್ಟಲೆ ತುತ್ತು ತಿನ್ನಿಸಿದ, ಮೈ ಒರೆಸಿದ ಕೆಇಎಂ ನರ್ಸುಗಳದು ಅಂತ ಕೋರ್ಟ್ ಹೇಳಿತು. ಅರುಣಾ ಬದುಕಲಿ ಅಂತ ಆ ನರ್ಸುಗಳು ಅಂದರು. ಇನ್ನೊಂದು, ಅರುಣಾ ವೆಂಟಿಲೇಟರ್ ಮೇಲೆ ಇರಲಿಲ್ಲ. ತೀರ್ಪಿಗೆ ಮುಂಚೆ ಪರೀಕ್ಷಿಸಿದ ಡಾಕ್ಟರರಿಗೆ, ಮೀನು ಕೊಟ್ಟರೆ ಇಷ್ಟಪಡುತ್ತಾರೆ ಅಂತ ಸಿಬ್ಬಂದಿ ಹೇಳಿದ್ದರು. ಅಷ್ಟು ವರ್ಷದಲ್ಲಿ ಮೈಮೇಲೆ ಒಂದು ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು) ಆಗಲಿಲ್ಲ ಅಂತ ಆಸ್ಪತ್ರೆ ಕೋರ್ಟಿಗೆ ತಿಳಿಸಿತು. ಬೆಡ್‌ಸೋರ್ ಆಗದ ಹಾಗೆ ನೋಡಿಕೊಳ್ಳುವುದು ಅಂದರೆ ಎರಡೆರಡು ಗಂಟೆಗೆ ಒಂದು ಸಲ ಮಗ್ಗುಲು ತಿರುಗಿಸುವುದು. ಹಗಲು ರಾತ್ರಿ, ವರ್ಷಾನುಗಟ್ಟಲೆ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಪಕ್ಕದ ಮನೆಯವರಿಗೆ ಹೇಳಿ, ಆ ತೀರ್ಪಿನಲ್ಲಿ ನಿಮಗೆ ಬೇಕಾದ ಮಾತು ಬೇರೆಯೇ ಇದೆ. ಹತ್ತಿರದಿಂದ ನೋಡಿಕೊಂಡವರ ಮಾತಿಗೆ ತೂಕ ಜಾಸ್ತಿ. ನಾಲ್ಕೂವರೆ ತಿಂಗಳಿಂದ ಆ ಹಾಸಿಗೆ ಪಕ್ಕ ಇರುವವರು ನೀವು ಮತ್ತು ಅಮ್ಮ.

ಈಗಿನ ಕಾನೂನು ಹೀಗಿದೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವ ಹಕ್ಕೂ ಸಂವಿಧಾನದ 21ನೇ ವಿಧಿಯೊಳಗೇ ಇದೆ ಅಂತ ಹೇಳಿತು. ಲಿವಿಂಗ್ ವಿಲ್, ಅಂದರೆ ಮುಂದೆ ತನಗೆ ಎಂಥ ಚಿಕಿತ್ಸೆ ಬೇಡ ಅನ್ನುವ ಪತ್ರ, ಬರೆದಿಡಬಹುದು ಅಂತಲೂ ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ, ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ನೋಡುವುದು ಅಂತೆಲ್ಲ ಇಟ್ಟಿದ್ದರಿಂದ ಯಾರಿಗೂ ಅದನ್ನು ಬಳಸಲು ಆಗಲಿಲ್ಲ. 2023ರ ಜನವರಿ 24ರಂದು ಇದನ್ನು ಸುಲಭ ಮಾಡಿದರು. ಅಪ್ಪ ಬರೆದು ಇಟ್ಟಿಲ್ಲದಿದ್ದರೂ ದಾರಿ ಇದೆ. ಆಸ್ಪತ್ರೆ ಮೊದಲ ಮಂಡಳಿ ಮಾಡಬೇಕು, ನೋಡಿಕೊಳ್ಳುತ್ತಿರುವ ಡಾಕ್ಟರ್ ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಅವರು ಒಪ್ಪಿ, ಮನೆಯವರು ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಎರಡನೇ ಮಂಡಳಿ ನೋಡುತ್ತದೆ. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬ ಡಾಕ್ಟರ್ ಇರಬೇಕು, ಮೊದಲ ಮಂಡಳಿಯವರು ಇರಬಾರದು. ಒಂದೊಂದು ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಎರಡೂ ಮಂಡಳಿ ಒಪ್ಪಿದರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯಬಹುದು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗುವ ದಾರಿ ತೆರೆದಿದೆ.

ಹೀಗಾಗಿ ಡಾಕ್ಟರರು "ನೀವೇ ಹೇಳಿ" ಅಂದರೆ ನೀವು "ಪ್ರೈಮರಿ ಮೆಡಿಕಲ್ ಬೋರ್ಡ್ ಮಾಡಿ" ಅಂತ ಆ ಮೊದಲ ಮಂಡಳಿಯ ಹೆಸರು ಹೇಳಿ, ಬರಹದಲ್ಲಿ ಕೇಳಿ. ಎಷ್ಟೋ ಆಸ್ಪತ್ರೆಗಳಲ್ಲಿ ಇದನ್ನು ಕೇಳುವವರೇ ಇಲ್ಲದ್ದರಿಂದ ಮಾಡಿ ಗೊತ್ತಿಲ್ಲ, ಪೊಲೀಸ್ ಕೇಸ್ ಆದೀತು ಅನ್ನುವ ಹೆದರಿಕೆ ಬೇರೆ.

ಈ ಹೆದರಿಕೆಗೆ ಕಾರಣ ಇದೆ. ಸಂಸತ್ತು ಇವತ್ತಿನವರೆಗೆ ಈ ವಿಷಯದಲ್ಲಿ ಒಂದು ಕಾಯ್ದೆ ಮಾಡಿಲ್ಲ. ಕಾನೂನು ಆಯೋಗ 2006ರಲ್ಲಿ ಒಂದು, 2012ರಲ್ಲಿ ಇನ್ನೊಂದು ವರದಿ ಕೊಟ್ಟಿತು. 2016ರಲ್ಲಿ ಮಸೂದೆಯ ಕರಡು ಬಂತು, ಅಲ್ಲೇ ನಿಂತಿತು. 2024ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚಿಯ ಕರಡು ಹೊರಡಿಸಿದಾಗ, ಇದು ಡಾಕ್ಟರರ ಮೇಲೆ ಒತ್ತಡ ತರುತ್ತದೆ ಅಂತ ನಮ್ಮ ವೈದ್ಯಕೀಯ ಸಂಘವೇ ಆಕ್ಷೇಪ ಎತ್ತಿತು. ಎಲ್ಲವೂ ಕೋರ್ಟಿನ ಮಾತಿನ ಮೇಲೇ ನಿಂತಿದೆ. ಇದಕ್ಕೆ ಯಾರೂ ಓಟು ಹಾಕುವುದಿಲ್ಲ, ಅದಕ್ಕೇ ಯಾರೂ ಮುಟ್ಟುವುದಿಲ್ಲ.

ಮುಟ್ಟಿದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ ನೋಡಿದ್ದೇವೆ. ಫ್ಲಾರಿಡಾದ ಟೆರಿ ಶೈವೊ 1990ರಲ್ಲಿ, ನಿಮ್ಮ ಅಪ್ಪನ ಹಾಗೇ, ಹೃದಯ ನಿಂತು ಬಿದ್ದರು. ವಯಸ್ಸು 26. ಅವಳಿಗೆ ಹೀಗೆ ಬದುಕುವುದು ಬೇಡವಾಗಿತ್ತು ಅಂತ ಗಂಡ ಹೇಳಿದ. ಮಗಳು ನಮ್ಮನ್ನು ನೋಡಿ ನಗುತ್ತಾಳೆ ಅಂತ ಅಪ್ಪ ಅಮ್ಮ ಹೇಳಿದರು. ವರ್ಷಗಟ್ಟಲೆ ಕೋರ್ಟು. ಒಮ್ಮೆ ತೆಗೆದ ಊಟದ ಟ್ಯೂಬನ್ನು ಮತ್ತೆ ಹಾಕಿಸಲು 2003ರಲ್ಲಿ ರಾಜ್ಯವೇ ಅವಳೊಬ್ಬಳಿಗಾಗಿ ಕಾನೂನು ಮಾಡಿತು. 2005ರ ಮಾರ್ಚಿನಲ್ಲಿ ಟ್ಯೂಬ್ ಮತ್ತೆ ತೆಗೆದಾಗ ಅಮೆರಿಕದ ಸಂಸತ್ತು ನಡುರಾತ್ರಿ ಕೂತು ಮಸೂದೆ ಪಾಸು ಮಾಡಿತು, ಅಧ್ಯಕ್ಷ ಬುಷ್ ಟೆಕ್ಸಸ್‌ನಿಂದ ಹಾರಿ ಬಂದು ಸಹಿ ಹಾಕಿದರು. ಡಾಕ್ಟರಾಗಿದ್ದ ಒಬ್ಬ ಸೆನೆಟರ್ ವಿಡಿಯೊ ನೋಡಿಯೇ ರೋಗ ನಿರ್ಣಯದ ಬಗ್ಗೆ ಸಂಶಯ ಎತ್ತಿದರು. ಕೋರ್ಟುಗಳು ಜಗ್ಗಲಿಲ್ಲ. ಮಾರ್ಚ್ 31ರಂದು ಆಕೆ ತೀರಿಕೊಂಡರು. ಶವಪರೀಕ್ಷೆಯಲ್ಲಿ ಮಿದುಳಿನ ತೂಕ 615 ಗ್ರಾಂ, ಇರಬೇಕಾದದ್ದರ ಅರ್ಧ. ಎರಡು ಕಡೆಯವರೂ ಆಕೆಯನ್ನು ಪ್ರೀತಿಸುತ್ತಿದ್ದರು ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಆಕೆ ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆದಿಟ್ಟಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ನಮ್ಮಲ್ಲಿ ರಾಜಕೀಯ ಸಂಸತ್ತಿನಲ್ಲಿಲ್ಲ, ಬಿಲ್ ಕೌಂಟರಿನಲ್ಲಿದೆ. ಡಾಮಾ ಅನ್ನುವ ಪದ ನೀವೂ ಕೇಳಿರಬಹುದು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತೇವೆ ಅಂತ ಸಹಿ ಹಾಕಿಸಿ ಕಳಿಸುವುದು. ದುಡ್ಡು ಮುಗಿದ ದಿನ ಮನೆಯವರು ಸಹಿ ಹಾಕುತ್ತಾರೆ. ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ಮನೆವರೆಗೆ ಬರುತ್ತಾನೆ, ಬಾಗಿಲಲ್ಲಿ ಬ್ಯಾಗ್ ತೆಗೆದುಕೊಂಡು ಹೋಗುತ್ತಾನೆ. ನೋವಿಗೆ ಔಷಧ ಇಲ್ಲ, ದಮ್ಮು ಕಟ್ಟಿದರೆ ನೋಡುವವರಿಲ್ಲ. ಇದನ್ನು ಯಾರೂ ದಯಾಮರಣ ಅನ್ನುವುದಿಲ್ಲ, ಯಾವ ಮಂಡಳಿಯೂ ಕೂರುವುದಿಲ್ಲ. ದುಡ್ಡಿದ್ದವರನ್ನು ಸಾಯಲು ಬಿಡುವುದಿಲ್ಲ, ಇಲ್ಲದವರನ್ನು ಸರಿಯಾಗಿ ಸಾಯಲೂ ಬಿಡುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಅದಕ್ಕೇ ಅಂಗವಿಕಲರ ಪರ ಇರುವವರು "ಬಡವರನ್ನು, ಮುದುಕರನ್ನು ದೂಡಿಬಿಡುತ್ತೀರಿ" ಅಂತ ಹೆದರುವುದನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ತಿಗಾಗಿ ಅವಸರ ಮಾಡುವ ಸಂಬಂಧಿಕರು ಇರುತ್ತಾರೆ ಅಂತ 2011ರ ತೀರ್ಪು ಕೂಡ ಎಚ್ಚರಿಸಿತ್ತು. ಎರಡು ಮಂಡಳಿ ಇರುವುದು ಅದಕ್ಕೇ. ನಿಮಗೆ ಅದು ತಡ ಅನ್ನಿಸಬಹುದು, ದಯವಿಟ್ಟು ಆ ದಾರಿಯಲ್ಲೇ ಹೋಗಿ. ಖರ್ಚಿನ ಮಾತನ್ನೂ ಮನೆಯಲ್ಲಿ ಬಾಯಿಬಿಟ್ಟು ಆಡಿ. ಖರ್ಚಿನ ಯೋಚನೆ ಬಂದದ್ದಕ್ಕೆ ನೀವು ಕೆಟ್ಟ ಮಗಳಾಗುವುದಿಲ್ಲ. ಆದರೆ ನಿರ್ಧಾರಕ್ಕೆ ಅದೊಂದೇ ಕಾರಣ ಆಗಿದ್ದರೆ ನಿಲ್ಲಿ, ಮನೆಯಲ್ಲೇ ನೋಡಿಕೊಳ್ಳಲು ಆಗುತ್ತದಾ ಅಂತ ಮೊದಲು ನೋಡಿ.

ನಾನು ನಿಮ್ಮ ಡಾಕ್ಟರಾಗಿದ್ದರೆ ಒಂದೇ ಸಲ ಎಲ್ಲ ನಿಲ್ಲಿಸಿ ಅನ್ನುತ್ತಿರಲಿಲ್ಲ. ಇನ್ನು ಮುಂದೆ ಏನು ಮಾಡಬಾರದು ಅನ್ನುವುದರಿಂದ ಶುರು ಮಾಡುತ್ತಿದ್ದೆ. ಹೃದಯ ಮತ್ತೆ ನಿಂತರೆ ಎದೆ ಒತ್ತುವುದು ಬೇಡ. ನ್ಯುಮೋನಿಯಾ ಬಂದರೆ ಐಸಿಯು ಬೇಡ, ಡಯಾಲಿಸಿಸ್ ಬೇಡ. ಇಷ್ಟಕ್ಕೆ ಅಣ್ಣನೂ ಒಪ್ಪಬಹುದು. ಆಮೇಲೆ ರಾತ್ರಿಯ ವೆಂಟಿಲೇಟರ್. ಊಟದ ಟ್ಯೂಬಿಗೆ ನಾನು ಮೊದಲು ಕೈ ಹಾಕುವುದಿಲ್ಲ. 1993ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ, ಟೋನಿ ಬ್ಲಾಂಡ್ ಅನ್ನುವ ಹುಡುಗನ ವಿಷಯದಲ್ಲಿ, ಟ್ಯೂಬಿನ ಊಟವೂ ಚಿಕಿತ್ಸೆಯೇ ಅಂತ ಹೇಳಿದೆ. ತರ್ಕ ನನಗೆ ಅರ್ಥ ಆಗುತ್ತದೆ. ಆದರೆ ಜೀವಮಾನ ಪೂರ್ತಿ ಹೋಟೆಲಿನಲ್ಲಿ ಊರಿಗೆಲ್ಲ ಊಟ ಬಡಿಸಿದವರ ಹೆಂಡತಿಗೆ "ಊಟ ನಿಲ್ಲಿಸೋಣ" ಅಂತ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಅಮ್ಮ ಬದುಕಿರುವಷ್ಟು ದಿನ ಅದನ್ನು ಹೊತ್ತುಕೊಂಡು ಇರಬೇಕಲ್ಲ.

ವೆಂಟಿಲೇಟರ್ ತೆಗೆದ ಕೂಡಲೇ ಜೀವ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾರೆನ್ ಕ್ವಿನ್ಲನ್ ಅನ್ನುವ ಹುಡುಗಿಯ ವೆಂಟಿಲೇಟರ್ ತೆಗೆಯಲು ಅವಳ ಅಪ್ಪ ಅಮ್ಮ 1976ರಲ್ಲಿ ಕೋರ್ಟಿನಿಂದ ಒಪ್ಪಿಗೆ ತಂದರು. ತೆಗೆದರೆ ಅವಳೇ ಉಸಿರಾಡಿದಳು. 1985ರವರೆಗೆ ಬದುಕಿದ್ದಳು. ನಿಮ್ಮ ಅಪ್ಪ ಹಗಲು ತಾವೇ ಉಸಿರಾಡುವವರು. ಗಂಟೆಗಳಾಗಬಹುದು, ದಿನಗಳಾಗಬಹುದು, ವಾರಗಳೂ ಆಗಬಹುದು. ಆ ದಿನಗಳಿಗೆ ತಯಾರಿ ಬೇಕು.

ನೋವಾಗುತ್ತದಾ ಅಂತ ಕೇಳಿದ್ದೀರಿ. ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಇತ್ತೀಚೆಗೆ ನಾನು ನೋಡಿಕೊಂಡ ಒಬ್ಬ ಅಜ್ಜರ ಕೋಣೆ ಹೇಗಿತ್ತು ಅಂತ ಹೇಳುತ್ತೇನೆ. ಮೊದಲು ಮಾನಿಟರ್ ಶಬ್ದ ಬಂದ್ ಮಾಡಿದೆವು, ಪರದೆಯನ್ನು ಗೋಡೆ ಕಡೆ ತಿರುಗಿಸಿದೆವು, ಇಲ್ಲದಿದ್ದರೆ ಎಲ್ಲರೂ ಅಂಕಿಯನ್ನೇ ನೋಡುತ್ತಾ ಕೂರುತ್ತಾರೆ. ದಮ್ಮು ಕಟ್ಟಿದ ಹಾಗೆ ಆಗಬಾರದು ಅಂತ ಯಂತ್ರ ತೆಗೆಯುವ ಮುಂಚೆಯೇ ಮಾರ್ಫಿನ್ ಶುರು ಮಾಡಿದೆವು, ಜೊತೆಗೆ ಮಂಪರು ಬರಿಸುವ ಮಿಡಜೋಲಮ್. ಹುಬ್ಬು ಗಂಟಿಕ್ಕಿದರೆ ಸ್ವಲ್ಪ ಜಾಸ್ತಿ ಮಾಡಿದೆವು. ಕಫ ಗೊರಗೊರ ಅನ್ನದ ಹಾಗೆ ಇನ್ನೊಂದು ಔಷಧ. ಸೊಸೆ ತುಳಸಿ ನೀರಲ್ಲಿ ಹತ್ತಿ ಅದ್ದಿ ತುಟಿ ಒರೆಸಿದರು. ಮೊಮ್ಮಗ ಮೊಬೈಲಿನಲ್ಲಿ ತಾಳಮದ್ದಲೆ ಹಾಕಿ ದಿಂಬಿನ ಪಕ್ಕ ಇಟ್ಟ. ಚಂಡೆ ಮದ್ದಳೆ ಸಣ್ಣಗೆ ಕೇಳುತ್ತಿತ್ತು. ಆರು ಗಂಟೆ ಹಿಡಿಯಿತು. ಯಾರೂ ಯಾರನ್ನೂ ಹೊರಗೆ ಕಳಿಸಲಿಲ್ಲ. ಚಿಕಿತ್ಸೆ ನಿಂತಿತ್ತು, ನೋಡಿಕೊಳ್ಳುವುದು ನಿಂತಿರಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್ ಡಾಕ್ಟರ್, ಅಂದರೆ ಹೀಗೆ ನೋವು ಸಂಕಟ ಕಮ್ಮಿ ಮಾಡುವ ಡಾಕ್ಟರ್, ಇದ್ದಾರಾ ಕೇಳಿ. ಇಲ್ಲದಿದ್ದರೆ ಹೊರಗಿನಿಂದ ಕರೆಸಲು ಹೇಳಿ. ಇದು ಖಚಿತ ಆಗುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ನಿಮ್ಮದೂ ಅಮ್ಮನದೂ ಲಿವಿಂಗ್ ವಿಲ್ ಮಾಡಿಟ್ಟುಬಿಡಿ. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ, ಅಷ್ಟೆ. ನಿಮ್ಮ ಪರ ಯಾರು ಮಾತಾಡಬೇಕು ಅಂತ ಹೆಸರು ಬರೆಯಿರಿ. ಪ್ರತಿಯನ್ನು ಇಟ್ಟುಕೊಳ್ಳಲು ಪಾಲಿಕೆಯ ಅಧಿಕಾರಿ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಮುಂಬೈಯ ಸ್ತ್ರೀರೋಗ ತಜ್ಞ ನಿಖಿಲ್ ದಾತಾರ್ ಬಾಂಬೆ ಹೈಕೋರ್ಟಿಗೆ ಹೋದ ಮೇಲೆ ಮಹಾರಾಷ್ಟ್ರದಲ್ಲಿ ಇಂಥವರ ನೇಮಕ ಆಯಿತು. ಕಲ್ಯಾಣ-ಡೊಂಬಿವಲಿ ಪಾಲಿಕೆಯಲ್ಲಿ ವಿಚಾರಿಸಿ. ಗೋವಾದಲ್ಲಿ 2024ರ ಮೇ 31ರಂದು ಹೈಕೋರ್ಟ್ ನ್ಯಾಯಮೂರ್ತಿ ಎಂ. ಎಸ್. ಸೋನಕ್ ಅವರೇ ಮೊದಲಿಗರಾಗಿ ತಮ್ಮದನ್ನು ನೋಂದಾಯಿಸಿದರು. 2025ರ ಜನವರಿಯಲ್ಲಿ ಕರ್ನಾಟಕವೂ ಸುತ್ತೋಲೆ ಹೊರಡಿಸಿತು. ಅದರ ಹಿಂದೆ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮ ಅವರ ವರ್ಷಗಟ್ಟಲೆಯ ಹೋರಾಟ ಇದೆ.

ಕೊನೆಗೆ ಅಣ್ಣ. ಅವರನ್ನು ಈ ವಾರವೇ ಕರೆಸಿ, ವಿಡಿಯೊ ಕಾಲ್ ಬೇಡ. ವಿಡಿಯೊದಲ್ಲಿ ಅಪ್ಪ ಮಲಗಿರುವುದು ಕಾಣುತ್ತದೆ, ಅಷ್ಟೆ. ಎರಡು ದಿನ ಅವರೇ ಹಾಸಿಗೆ ಪಕ್ಕ ಇರಲಿ. ಕುತ್ತಿಗೆಯ ಪೈಪಿನೊಳಗೆ ಕಫ ಎಳೆಯುವ ಸಕ್ಷನ್ ನಳಿಕೆ ಇಳಿಸುವಾಗ ಅಪ್ಪನ ಮುಖ ಕೆಂಪಾಗುವುದು, ಕೆಮ್ಮಿ ಇಡೀ ಮೈ ಎಗರುವುದು, ಇದು ದಿನಕ್ಕೆ ಎಷ್ಟು ಸಲ ಅನ್ನುವುದು ಅವರಿಗೂ ಗೊತ್ತಾಗಲಿ. ವಾದ ಮಾಡಬೇಡಿ. ಹೆದರಿಸಲು ಕೂರಿಸುತ್ತಿಲ್ಲ, ನಿಮಗೆ ಗೊತ್ತಿರುವಷ್ಟು ಅವರಿಗೂ ಗೊತ್ತಿರಲಿ ಅಂತ. ಅವರು ಆಮೇಲೂ ಬೇಡ ಅಂದರೆ ಇನ್ನೊಂದು ತಿಂಗಳು ಕಾಯಿರಿ. ಅಪ್ಪನ ಸ್ಥಿತಿಗೆ ಒಂದು ತಿಂಗಳು ದೊಡ್ಡದಲ್ಲ, ಅಣ್ಣ ತಂಗಿಯ ಸಂಬಂಧಕ್ಕೆ ದೊಡ್ಡದು.

ಆಮೇಲೆ ಮೂವರೂ ಕೂತು, ಸ್ನೇಹಿತರನ್ನು ನೋಡಿ ಬಂದ ಆ ದಿನ ಅಪ್ಪ ಎಲ್ಲಿ ಕೂತಿದ್ದರು, ಸರಿಯಾಗಿ ಯಾವ ಮಾತು ಆಡಿದರು, ಯಾರು ಯಾರು ಇದ್ದರು ಅಂತ ನೆನಪು ಮಾಡಿಕೊಳ್ಳಿ. ಇಂಥದ್ದೇ ಮಾತು ಬೇರೆ ಯಾವಾಗಲಾದರೂ ಹೇಳಿದ್ದರಾ ಅಂತ ಅಮ್ಮನನ್ನು ಕೇಳಿ. ಹೋಟೆಲಿನ ಹಳೆಯ ಜೊತೆಗಾರರನ್ನೂ ಕೇಳಿ, ಗಲ್ಲಾದ ಹತ್ತಿರ ಕೂತು ಆಡಿದ ಮಾತು ಮನೆಗೆ ಬಂದಿರುವುದಿಲ್ಲ. ಅಪ್ಪ ಆಡಿದ ಹಾಗೇ, ಅವರ ಕುಂದಾಪ್ರ ಕನ್ನಡದಲ್ಲೇ ಬರೆದು, ತಾರೀಕು ಹಾಕಿ, ಮೂವರೂ ಸಹಿ ಮಾಡಿ. ಮಂಡಳಿ ಕೂತ ದಿನ ಆ ಕಾಗದವನ್ನು ಕೇಸ್ ಪೇಪರಿನ ಮೇಲೆ ಇಡಿ.